ನೋಂದಣಿ ಪತ್ರ ಮೊದಲು, ತಪಾಸಣೆ ಆಮೇಲೆ?

ಚಿಂತಾಮಣಿ ತಾಲ್ಲೂಕು ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಜಾತಿ ಧರ್ಮ ನೋಡದೆ ಜನ ಬರುತ್ತಾರೆ. ಮನಸ್ಸು ಹದಗೆಟ್ಟವರನ್ನು ಮನೆಯವರು ಕರೆತಂದು ಹರಕೆ ಹೊರುತ್ತಾರೆ. ಆ ನಂಬಿಕೆಯ ಬಗ್ಗೆ ನನಗೆ ತಕರಾರಿಲ್ಲ. ಮಗನ ಕುಡಿತ ಬಿಡಿಸಬೇಕೆಂದು ಹೊರಟ ತಾಯಿಗೆ ಹರಕೆಯ ಜೊತೆಗೆ ಇನ್ಯಾವ ದಾರಿ ಇದೆ ಎಂಬುದೇ ಚಿಂತೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮದ್ಯಕ್ಕೆ ದಾಸರಾದ ಪ್ರತಿ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೊಂದು ಚಿಕಿತ್ಸೆ ಸಿಕ್ಕಿತ್ತು. ಒಳರೋಗಿಯಾಗಿ ದಾಖಲಾದವರು 180ಕ್ಕೆ ಒಬ್ಬರು. ಚಿಕಿತ್ಸೆಗೆ ಇಷ್ಟು ಬರವಿರುವ ಕಡೆ ‘ಮೂರು ತಿಂಗಳಲ್ಲಿ ಕುಡಿತ ಬಿಡಿಸುತ್ತೇವೆ’ ಎನ್ನುವ ಯಾವ ಬೋರ್ಡಾದರೂ ಮನೆಯವರಿಗೆ ಆಸರೆಯಂತೆ ಕಾಣುತ್ತದೆ. ಅಂಥ ಕೇಂದ್ರದ ಗೋಡೆಯ ಮೇಲೆ ಸರ್ಕಾರದ ನೋಂದಣಿ ಪತ್ರ ತೂಗುತ್ತಿದ್ದರೆ ಅದನ್ನು ನಂಬಿ ಮಗನನ್ನು ಬಿಟ್ಟು ಬರುವಂತಿರಬೇಕು. ಈಗಿನ ವ್ಯವಸ್ಥೆಯಲ್ಲಿ ಆ ಪತ್ರಕ್ಕೆ ಅಷ್ಟು ತೂಕವಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳಿಂದ ಬರುವ ಮನೋವ್ಯಾಧಿಗಳನ್ನೂ ಒಳಗೊಂಡಿದೆ. ಇಂಥವರನ್ನು ಇರಿಸಿಕೊಂಡು ಆರೈಕೆ ಮಾಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಲೇಬೇಕು. ಆದರೆ ಅದೇ ಕಾಯ್ದೆಯ ಪ್ರಕಾರ, ಅರ್ಜಿ ಬಂದ ಹತ್ತು ದಿನದೊಳಗೆ ತಾತ್ಕಾಲಿಕ ನೋಂದಣಿ ಕೊಡಬೇಕು, ಅದಕ್ಕೆ ಮುಂಚೆ ವಿಚಾರಣೆಯ ಅಗತ್ಯವಿಲ್ಲ. ಈ ಪತ್ರಕ್ಕೆ ಹನ್ನೆರಡು ತಿಂಗಳ ಆಯುಸ್ಸು, ಮೇಲೆ ನವೀಕರಣದ ಅವಕಾಶ. ಅಂದರೆ ಅರ್ಜಿ ಮತ್ತು ಶುಲ್ಕ ತಲುಪಿವೆ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಸಾಬೀತುಪಡಿಸುವುದಿಲ್ಲ. ನೋಂದಣಿಯೇ ಇಲ್ಲದೆ ನಡೆಸಿ ಮೊದಲ ಸಲ ಸಿಕ್ಕಿಬಿದ್ದರೂ ದಂಡ 5,000ದಿಂದ 50,000 ರೂಪಾಯಿ. ಇಷ್ಟರ ನಡುವೆಯೂ ರಾಜ್ಯದ ಕೈ ಕಟ್ಟಿಲ್ಲ. ಪ್ರಾಧಿಕಾರ ತಾನಾಗಿಯೇ ಯಾವಾಗ ಬೇಕಾದರೂ ಕೇಂದ್ರದ ತಪಾಸಣೆಗೆ ಆದೇಶಿಸಬಹುದು. ತಾತ್ಕಾಲಿಕ ಪತ್ರ ಕೊಟ್ಟ ಮೊದಲ ತಿಂಗಳಲ್ಲೇ, ಮುನ್ಸೂಚನೆ ಇಲ್ಲದೆ, ಮನೋವೈದ್ಯರೊಬ್ಬರನ್ನು ಒಳಗೊಂಡ ತಂಡ ಹೋಗಿ ನೋಡಿ ಬರುವುದನ್ನು ಕರ್ನಾಟಕ ಕಡ್ಡಾಯ ಮಾಡಬೇಕು.

ಮೊದಲ ತಿಂಗಳೇ ಏಕೆ? ಪತ್ರ ಸಿಕ್ಕೊಡನೆ ಕೇಂದ್ರ ರೋಗಿಗಳನ್ನು ಸೇರಿಸಿಕೊಳ್ಳಬಹುದು, ಅಪಾಯವೋ ಅವರ ಮೊದಲ ದಿನಗಳಲ್ಲೇ. ವರ್ಷಗಟ್ಟಲೆ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರನೇ ದಿನಕ್ಕೆ ಕೈ ನಡುಗಿ, ಮೈ ಬೆವರಿ, ಇಲ್ಲದ ಹುಳಹುಪ್ಪಟೆ ಗೋಡೆಯ ಮೇಲೆ ಕಾಣತೊಡಗಬಹುದು. ಕೆಲವರಿಗೆ ಫಿಟ್ಸ್ ಬರುತ್ತದೆ. ಸಕಾಲಕ್ಕೆ ಔಷಧಿ, ಥಯಾಮಿನ್ ಇಂಜೆಕ್ಷನ್ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆ ಹೊತ್ತಿನ ಚಡಪಡಿಕೆಯನ್ನು ‘ಹಠ’ ಎಂದುಕೊಂಡು ಕಟ್ಟಿಹಾಕುವ ಕಾವಲುಗಾರನಿಗೂ, ನಾಡಿ ನೋಡಿ ಔಷಧಿಯ ಪ್ರಮಾಣ ಬದಲಿಸುವ ನರ್ಸ್‌ಗೂ ಇರುವ ವ್ಯತ್ಯಾಸ ಅರ್ಜಿಯ ಹಾಳೆಯಲ್ಲಿ ಕಾಣಿಸದು. 2025ರಲ್ಲಿ ನೆಲಮಂಗಲ ಬಳಿಯ ಖಾಸಗಿ ಪುನರ್ವಸತಿ ಕೇಂದ್ರವೊಂದರಲ್ಲಿ ಒಳಗಿದ್ದವನನ್ನು ದೊಣ್ಣೆಯಿಂದ ಬಡಿಯುವ ವಿಡಿಯೊ ಹೊರಬಂದ ಮೇಲಷ್ಟೇ ಅಲ್ಲಿನ ಸ್ಥಿತಿ ಲೋಕಕ್ಕೆ ಗೊತ್ತಾಯಿತು. ಇನ್ನೂ ಹಿಂದೆ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿ ದರ್ಗಾದ ಆಸುಪಾಸಿನ ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. ಅಲ್ಲಿ ತಪ್ಪು ಮಾಡಿದ್ದು ಭಕ್ತಿಯಲ್ಲ. ಭಕ್ತಿಯ ಊರಲ್ಲಿ ಯಾರೂ ಒಳಗೆ ಹೋಗಿ ನೋಡದೆ ಬಿಟ್ಟ ವ್ಯಾಪಾರ. ಈಗಿನ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ಒಪ್ಪಿಗೆ ಕೊಡದವರನ್ನು ಮನೆಯವರ ಮಾತಿನ ಮೇಲಷ್ಟೇ ಇಟ್ಟುಕೊಳ್ಳುವಂತಿಲ್ಲ. ಮನೋವೈದ್ಯರು ಸೇರಿ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಮೊದಲ ಅವಧಿ 30 ದಿನ ಮೀರಬಾರದು. ‘ಮೂರು ತಿಂಗಳ ಪ್ಯಾಕೇಜ್’ ಮಾರುವವರು ಇದನ್ನು ಹೇಗೆ ಪಾಲಿಸುತ್ತಿದ್ದಾರೆ ಎಂದು ಕೇಳುವವರು ಬೇಡವೇ? ಚಿಂತಾಮಣಿ ಸೀಮೆಯಲ್ಲಿ ಮನೆಮಾತು ತೆಲುಗು, ಉರ್ದು ಆಗಿರುವವರು ಎಷ್ಟೋ ಮಂದಿ. ಓದಲಾಗದ ಅರ್ಜಿಗೆ ಹಾಕಿಸಿಕೊಂಡ ಹೆಬ್ಬೆಟ್ಟನ್ನು ಒಪ್ಪಿಗೆ ಎನ್ನಲಾಗದು ಎಂಬುದೂ ನಿಯಮದಲ್ಲಿ ಬರಬೇಕು.

ಬಿಗಿ ಮಾಡಿದರೆ ಇರುವ ನಾಲ್ಕು ಕೇಂದ್ರಗಳೂ ಮುಚ್ಚಿ ಬಡವರು ಬೀದಿಗೆ ಬೀಳುತ್ತಾರೆ ಎನ್ನುವವರಿದ್ದಾರೆ. ಭಯ ಸುಳ್ಳಲ್ಲ. ಆದರೆ ಕುಡಿತ ಬಿಡುವ ಎಲ್ಲರಿಗೂ ತಿಂಗಳುಗಟ್ಟಲೆ ಬೀಗದೊಳಗಿನ ವಾಸ ಬೇಕಿಲ್ಲ. ಹೆಚ್ಚಿನವರಿಗೆ ಕೆಲವು ದಿನದ ಔಷಧಿ, ಆಮೇಲೆ ಬಿಡದ ಆಪ್ತಸಮಾಲೋಚನೆ ಸಾಕು. ಮಂಗಳವಾರ ನಡೆಯುವ ಮನೋಚೈತನ್ಯ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳನ್ನು ಬಲಪಡಿಸಿ, ತಾಲ್ಲೂಕು ಆಸ್ಪತ್ರೆಯಲ್ಲೇ ಈ ರೋಗಿಗಳಿಗೆ ಕೆಲವು ಹಾಸಿಗೆ ಮೀಸಲಿಟ್ಟರೆ ಆ ಮೊದಲ ವಾರದ ಅಪಾಯ ಅಲ್ಲೇ ಕಳೆಯುತ್ತದೆ. ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಗೌರವದ್ದಾಗಿ ಕಾಣುತ್ತದೆ: ಕುಡಿತ ಬಿಟ್ಟವರೇ ನಡೆಸುವ ಕೇಂದ್ರಗಳಿಗೂ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಂಥ ಪ್ರಯತ್ನಗಳಿಗೂ ಡಿಗ್ರಿಯ ಅಳತೆ ಹಾಕಬಾರದು ಎಂಬುದು. ನಿಜ, ತಾನು ಬಿದ್ದೆದ್ದವನ ಮಾತಿಗಿರುವ ಶಕ್ತಿ ಬೇರೆ ಯಾರ ಮಾತಿಗೂ ಇಲ್ಲ. ಅವರಿಗೆ ಅಲ್ಪಾವಧಿ ತರಬೇತಿ ಕೊಟ್ಟು ಪ್ರಮಾಣಪತ್ರದೊಂದಿಗೆ ಕೆಲಸದಲ್ಲಿ ಉಳಿಸಿಕೊಳ್ಳೋಣ. ಔಷಧಿ ಕೊಡುವ, ಕಟ್ಟಿಹಾಕುವ, ಮನೆಗೆ ಕಳಿಸದಿರುವ ಅಧಿಕಾರವನ್ನು ಮಾತ್ರ ಅವರ ಕೈಗೆ ಕೊಡುವುದು ಬೇಡ.

ಉಳಿದದ್ದು ದುಡ್ಡಿನ ಮಾತು. 2025–26ರಲ್ಲಿ ರಾಜ್ಯ ಅಬಕಾರಿ ಇಲಾಖೆಗೆ ಕೊಟ್ಟ ವರಮಾನದ ಗುರಿ 40,000 ಕೋಟಿ ರೂಪಾಯಿ. ಗುರಿ ಮುಟ್ಟಿತೇ ಎಂದು ತಿಂಗಳು ತಿಂಗಳೂ ಲೆಕ್ಕ ನೋಡುವ ಸರ್ಕಾರ, ಆ ಮದ್ಯದಿಂದಲೇ ಹಾಸಿಗೆ ಹಿಡಿದವರನ್ನು ಇಟ್ಟುಕೊಂಡ ಕೇಂದ್ರಗಳ ತಪಾಸಣೆಗೆ ಸಿಬ್ಬಂದಿ ಇಲ್ಲ ಎನ್ನುವಂತಿಲ್ಲ. ಪ್ರತಿ ಜಿಲ್ಲೆಗೂ ಒಂದು ತಂಡ, ಅದು ಬರೆದ ವರದಿ ಮತ್ತು ತಪಾಸಣೆಯ ದಿನಾಂಕ ಜಿಲ್ಲಾ ಆಸ್ಪತ್ರೆಯ ಗೋಡೆಯ ಮೇಲೂ ಜಾಲತಾಣದಲ್ಲೂ ಕನ್ನಡದಲ್ಲಿ: ಇಷ್ಟಕ್ಕೆ ಬೇಕಾದ ಹಣವನ್ನು ಅಬಕಾರಿ ವರಮಾನದಿಂದಲೇ ಮುಂದಿನ ಬಜೆಟ್ಟಿನಲ್ಲಿ ತೆಗೆದಿಡಬೇಕು.