ಕಿವಿ ಸೋರಿದರೆ ತಪ್ಪು ಮಗುವಿನದೇ?

ಮಾನ್ಯ ಸಂಪಾದಕರೇ,

ಬೇಸಿಗೆಯ ಈಜು ಶಿಬಿರಗಳ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಮಕ್ಕಳ ಕಿವಿಗೆ ಹತ್ತಿ ತುರುಕಿ ಕಳಿಸಿ, ಬಂದ ಮೇಲೆ ಬಡ್ಸ್ ಹಾಕಿ ಒರೆಸಿ, ನೋವು ಬಂದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಿ ಎಂದಿತ್ತು. ಮೂರೂ ತಪ್ಪು. ಅದಕ್ಕಿಂತ ಹೆಚ್ಚಿಗೆ ನನಗೆ ಸರಿಬಾರದ ಸಂಗತಿಯೆಂದರೆ, ಮಗು ಎಲ್ಲಿ ಮುಳುಗೆದ್ದು ಬಂತೋ ಆ ನೀರಿನ ಬಗ್ಗೆ ಲೇಖನದಲ್ಲಿ ಒಂದಕ್ಷರವೂ ಇಲ್ಲ.

ಪುಣೆಯಲ್ಲಿ ಏಪ್ರಿಲ್ ಬಂತೆಂದರೆ ಈಜುಕೊಳಗಳಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಬ್ಯಾಚಿನ ಮೇಲೆ ಬ್ಯಾಚು. ಮೇ ತಿಂಗಳಲ್ಲಿ ಅದೇ ಮಕ್ಕಳು ಕಿವಿ ಹಿಡಿದುಕೊಂಡು ಡಾಕ್ಟರ ಬಾಗಿಲಲ್ಲಿ. ನನ್ನ ಮೊಮ್ಮಗಳದೂ ಇದೇ ಕತೆ. ಕಿವಿಯ ಹಾಲೆ ಸ್ವಲ್ಪ ಎಳೆದರೂ ಕಿರುಚುತ್ತಿದ್ದಳು. ನೆಗಡಿಯ ಬೆನ್ನಿಗೆ ಬರುವ ನಡುಗಿವಿಯ ಸೋಂಕಿನಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಹಾಲೆ ಎಳೆದಾಗ, ಕಿವಿಯ ಮುಂದಿನ ಗುಬಟು ಒತ್ತಿದಾಗ ನೋವೆದ್ದರೆ ಅದು ಹೊರಗಿವಿಯ ನಾಳದ್ದು. ನಾವು ಹೊಲಸೆಂದು ಕೆದಕಿ ತೆಗೆಯುವ ಗುಗ್ಗೆಯೇ ಆ ನಾಳದ ಕಾವಲು. ಅದರ ಹುಳಿಗುಣದಲ್ಲಿ ರೋಗಾಣು ಸುಲಭಕ್ಕೆ ಬೆಳೆಯುವುದಿಲ್ಲ. ತಾಸುಗಟ್ಟಲೆ ನೀರಿನಲ್ಲಿದ್ದರೆ ಗುಗ್ಗೆ ತೊಳೆದುಹೋಗಿ ಚರ್ಮ ನೆನೆದು ಮೆತ್ತಗಾಗುತ್ತದೆ. ಆಮೇಲೆ ಬಡ್ಸ್ ಆಡಿಸಿ ಗೀರಿದಿರೋ, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತೆಯೇ. ಒಣ ಹತ್ತಿಯಂತೂ ನೀರು ಹೀರಿ ಒಳಗೇ ಹಿಡಿದಿಡುತ್ತದೆ.

ಈ ರೋಗಾಣುವಿಗೆ ಕೊಳದ ಗೋಡೆಯ ಲೋಳೆ ಬಲು ಇಷ್ಟ. ಅದನ್ನು ತಡೆಯಲು ನೀರಿನಲ್ಲಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಮುಕ್ತ ಕ್ಲೋರಿನ್ ಸದಾ ಇರಬೇಕು, ಪಿಎಚ್ 7.2ರಿಂದ 7.8ರೊಳಗಿರಬೇಕು. ಪಿಎಚ್ 8ಕ್ಕೇರಿದರೆ ಹಾಕಿದ ಕ್ಲೋರಿನ್ನಿನಲ್ಲಿ ಕೆಲಸಕ್ಕೆ ಬರುವುದು ಹೆಚ್ಚೆಂದರೆ ಕಾಲು ಭಾಗ. ತೆರೆದ ಕೊಳದಲ್ಲಿ ಬಿಸಿಲೂ ಅದನ್ನು ತಿಂದುಹಾಕುತ್ತದೆ. ಬೆಳಗ್ಗೆ ಹಾಕಿದ್ದು ಸಂಜೆಯ ಬ್ಯಾಚಿಗೆ ಉಳಿದಿದೆಯೋ ಇಲ್ಲವೋ ಅಳೆಯದೆ ಗೊತ್ತಾಗುವುದು ಹೇಗೆ? ಕ್ಲೋರಿನ್ ವಾಸನೆ ಗಮ್ಮೆನ್ನುತ್ತಿದೆ, ಆದ್ದರಿಂದ ನೀರು ಸ್ವಚ್ಛ ಎನ್ನುವವರಿದ್ದಾರೆ. ಉಲ್ಟಾ. ಬೆವರು, ಮೂತ್ರದ ಜತೆ ಸೇರಿ ಕ್ಲೋರಿನ್ ಸವೆದಾಗಲೇ ಆ ಮೂಗು ಉರಿಸುವ ವಾಸನೆ ಏಳುವುದು.

ಮೊಮ್ಮಗಳು ಹೋಗುವ ಕೊಳದ ಹೆಸರು ಬೇಡ. ಬಾಗಿಲಲ್ಲಿ ದೊಡ್ಡ ಫಲಕವಿದೆ: ಟೋಪಿ ಕಡ್ಡಾಯ, ಕಾಸ್ಟ್ಯೂಮ್ ಕಡ್ಡಾಯ, ಶುಲ್ಕ ವಾಪಸಿಲ್ಲ. ಅದರ ತುದಿಗೆ ಕ್ಲೋರಿನ್ ಮತ್ತು ಪಿಎಚ್ ಬರೆಯಲು ಎರಡು ಚೌಕ. ಅವುಗಳಲ್ಲಿ ಸುಣ್ಣದಕಡ್ಡಿಯಿಂದ ಬರೆದ ಹೋದ ತಿಂಗಳ ತಾರೀಖು ಅರ್ಧ ಅಳಿಸಿ ಕೂತಿತ್ತು. ವಿಚಾರಿಸಿದರೆ ಅಲ್ಲಿದ್ದವರು, "ಆಜೀ, ಹುಡುಗಿ ಕಿವಿಗೆ ಹತ್ತಿ ಹಾಕಿ ಕಳಿಸಿ" ಎಂದು ಮರಾಠಿಯಲ್ಲಿ ನನಗೇ ಬುದ್ಧಿ ಹೇಳಿದರು. ಅವರ ಬಾಯಲ್ಲೂ ನಿಮ್ಮ ಲೇಖನದ್ದೇ ಮಾತು!

ಎಲ್ಲವನ್ನೂ ಕೊಳದ ತಲೆಗೆ ಕಟ್ಟುತ್ತಿಲ್ಲ. ಗಾಜಿನಂಥ ನೀರಿನಲ್ಲೂ ಈ ಸೋಂಕು ಬರಬಹುದು, ಕಿವಿ ತೇವವಾಗಿ ಉಳಿದರೆ ಸಾಕು. ಈಜಿ ಬಂದ ಮಗುವಿನ ತಲೆಯನ್ನು ಒಂದೊಂದೇ ಬದಿಗೆ ವಾಲಿಸಿ ನೀರಿಳಿಸಿ, ಟವೆಲಿನಿಂದ ಹೊರಗಷ್ಟೇ ಒರೆಸಬೇಕು. ಇದು ಮನೆಯವರ ಕೆಲಸ, ಒಪ್ಪಿದೆ. ನೋವು ಬಂದಾಗ ಎಣ್ಣೆ ಬೇಡ, ಮೆಡಿಕಲ್ ಶಾಪಿನವರು ಕೊಟ್ಟ ಹನಿಯೂ ಬೇಡ. ಕಿವಿತಮಟೆ ತೂತಾಗಿದ್ದರೆ ಕೆಲವು ಹನಿಗಳು ಒಳಗಿವಿಯನ್ನೇ ಕೆಡಿಸಬಹುದು. ಬೂಷ್ಟಿನ ಸೋಂಕಾಗಿದ್ದರೆ ಆಂಟಿಬಯಾಟಿಕ್ ಹನಿಯಿಂದ ಇನ್ನಷ್ಟು ಹೆಚ್ಚಬಹುದು. ಡಾಕ್ಟರು ಇಣುಕಿ ನೋಡಿ, ಕಸ ತೆಗೆದು, ತಕ್ಕ ಹನಿ ಬರೆದುಕೊಟ್ಟರೆ ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ವಾಸಿ. ನುಂಗುವ ಆಂಟಿಬಯಾಟಿಕ್ ಬೇಕಾಗುವುದು ಅಪರೂಪ. ಸಕ್ಕರೆ ಕಾಯಿಲೆಯ ಹಿರಿಯರು ಮಾತ್ರ ಕಿವಿನೋವನ್ನು ಹಗುರವಾಗಿ ಎಣಿಸಬಾರದು, ಅವರಲ್ಲಿ ಸೋಂಕು ತಲೆಬುರುಡೆಯ ಮೂಳೆಗೂ ಇಳಿದೀತು.

ಆದರೆ ನೀರು ಅಳೆಯುವುದು ಅಜ್ಜಿಯ ಕೆಲಸವಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆ, ನಾಂದೇಡ ಗಾವ, ಕಿರ್ಕಟವಾಡಿ ಕಡೆ ಗಿಯಾನ್-ಬಾರೆ ಎಂಬ ನರಗಳ ಕಾಯಿಲೆ ಹಬ್ಬಿ ನೀರಿನ ಮೇಲೆ ಅನುಮಾನ ಬಂದಾಗ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇದೆಯೇ ಎಂದು ಪುಣೆಗೆ ಪುಣೆಯೇ ಕೇಳಿತು. ಪಾಲಿಕೆಯವರು ಮಾದರಿ ತೆಗೆದರು, ಪರೀಕ್ಷಿಸಿದರು. ಕುಡಿಯುವ ನೀರಿಗೆ ಮಾಡಿದ್ದನ್ನು ಈಜುವ ನೀರಿಗೂ ಮಾಡಬಹುದಲ್ಲ? ಅದಕ್ಕೆ ಪ್ರಯೋಗಾಲಯವೂ ಬೇಡ. ಎರಡು ಸಣ್ಣ ಕೊಳವೆಗಳಲ್ಲಿ ನೀರು ತುಂಬಿ, ಹನಿ ಹಾಕಿ, ಬಣ್ಣ ತಾಳೆ ನೋಡಿದರೆ ಮುಗಿಯಿತು. ಈಜುಕೊಳದ ನೀರು ಹೇಗಿರಬೇಕೆಂದು ಐಎಸ್ 3328 ಎಂಬ ಭಾರತೀಯ ಮಾನಕವೇ ಇದೆ.

ಪಾಲಿಕೆಯ ಅನೇಕ ಕೊಳಗಳನ್ನು ನಡೆಸುವವರು ಗುತ್ತಿಗೆದಾರರು. ಪ್ರತಿ ಬ್ಯಾಚಿಗೆ ಮುಂಚೆ ನೀರು ಅಳೆದು, ಅಂಕಿ, ಹೊತ್ತು, ಅಳೆದವರ ಸಹಿ ಮೂರನ್ನೂ ಫಲಕದಲ್ಲಿ ಬರೆಯಬೇಕು ಎಂಬ ಷರತ್ತು ಗುತ್ತಿಗೆಯ ಕರಾರಿನಲ್ಲೇ ಬರಲಿ. ಖಾಸಗಿ ಕೊಳ, ಸೊಸೈಟಿ ಕೊಳಗಳಿಗೂ ಅದೇ ನಿಯಮ ಇರಲಿ. ಅಂಕಿ ತಪ್ಪಿದ ದಿನ ಬ್ಯಾಚ್ ರದ್ದು ಮಾಡಿ, ಆ ದಿನದ ಶುಲ್ಕ ಹಿಂದಿರುಗಿಸಲಿ.

ಇಂತಿ,
ನಿಮ್ಮ ಓದುಗಾರ್ತಿ
ಪುಣೆ