ಹಾಜರಿ ಪುಸ್ತಕ ಹೇಳುವ ಮಾತು

ಪ್ರೌಢಶಾಲೆಯ ಉಪಾಧ್ಯಾಯರು ಮನೋವೈದ್ಯರಲ್ಲ. ಆಗಬೇಕೆಂದು ಅವರನ್ನು ಕೇಳುವುದೂ ನ್ಯಾಯವಲ್ಲ. ಪಾಠ, ಪರೀಕ್ಷೆ, ಚುನಾವಣೆಯ ಕೆಲಸಗಳಿಂದ ಅವರ ಬೆನ್ನು ಈಗಾಗಲೇ ಬಾಗಿದೆ. ಆದರೂ ಮಗುವಿನ ಮನಸ್ಸು ಬಾಡುತ್ತಿರುವುದು ಎಷ್ಟೋ ವೇಳೆ ತಾಯಿತಂದೆಗಳಿಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಹದಿನಾಲ್ಕರ ಹುಡುಗನೊಡನೆ ಹೋಲಿಸಿ ನೋಡಲು ಅವನ ಓರಗೆಯವರಿಲ್ಲ. ತರಗತಿಯಲ್ಲಿ ನಲವತ್ತು ಮಂದಿ ಇದ್ದಾರೆ. ಮನಸ್ಸಿನ ಬೇನೆಗಳಲ್ಲಿ ಸುಮಾರು ಅರ್ಧದಷ್ಟು 18 ತುಂಬುವ ಮೊದಲೇ ತಲೆದೋರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಲಕ್ಷಣಗಳೇನೂ ದೊಡ್ಡವಲ್ಲ. ಸೋಮವಾರ ಸೋಮವಾರ ತಪ್ಪುವ ಹಾಜರಿ, ಅರ್ಧ ಪುಟಕ್ಕೇ ನಿಂತುಹೋಗುವ ಬರವಣಿಗೆ, ಮುಂದಿನ ಬೆಂಚು ಬಿಟ್ಟು ಮೂಲೆ ಸೇರುವುದು, ತೆರೆಯದೆ ಹಿಂದಿರುಗುವ ಊಟದ ಡಬ್ಬಿ. ಇಂಥ ಒಂದೆರಡು ದಿನ ಯಾವ ಮಗುವಿಗಿಲ್ಲ? ಎರಡು ವಾರ ಹೀಗೆಯೇ ಸಾಗಿದರೆ ಕರೆದು ಕೇಳಲೇಬೇಕು.

ಎಲ್ಲರೆದುರು “ಏನಾಗಿದೆಯೋ ನಿನಗೆ?” ಎಂದು ಗದರಿದರೆ ಇದ್ದ ಬಾಗಿಲೂ ಮುಚ್ಚೀತು. ಶಾಲೆ ಬಿಟ್ಟ ಮೇಲೆ, “ಈಚೆಗೆ ಊಟವನ್ನೇ ಮಾಡುತ್ತಿಲ್ಲವಲ್ಲಪ್ಪಾ, ಏನು ಸಮಾಚಾರ?” ಎಂದು ಕೇಳಿ ಸುಮ್ಮನಿರಬೇಕು. ಬುದ್ಧಿವಾದಕ್ಕೆ ಅವಸರವಿಲ್ಲ. “ಯಾರಿಗೂ ಹೇಳುವುದಿಲ್ಲ” ಎಂಬ ಭಾಷೆಯನ್ನಂತೂ ಕೊಡಕೂಡದು. ಪ್ರಾಣದ ಪ್ರಶ್ನೆ ಬಂದಾಗ ಅದನ್ನು ಮುರಿಯಬೇಕಾಗುತ್ತದೆ. “ಬದುಕೇ ಬೇಡವೆನಿಸಿದೆಯೇ?” ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾದೀತೆಂಬ ಭಯ ನಮ್ಮಲ್ಲಿ ಬಲವಾಗಿದೆ. ತಜ್ಞರ ಅಧ್ಯಯನಗಳು ಆ ಭಯಕ್ಕೆ ಆಧಾರ ಕೊಡುವುದಿಲ್ಲ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ, ಆ ದಿನವೇ ಮುಖ್ಯೋಪಾಧ್ಯಾಯರಿಗೂ ಮನೆಯವರಿಗೂ ತಿಳಿಸಿ ವೈದ್ಯರಲ್ಲಿಗೆ ದಾರಿ ಮಾಡಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಹಗಲಿರುಳೂ, ಕನ್ನಡದಲ್ಲಿಯೂ, ಉಚಿತವಾಗಿ ಸಲಹೆ ದೊರೆಯುತ್ತದೆ.

ಇನ್ನು, ಅಂಕಗಳನ್ನು ಗಟ್ಟಿಯಾಗಿ ಓದಿ ಹಿಂದುಳಿದವರನ್ನು ನಗೆಗೀಡುಮಾಡುವ ಮೇಷ್ಟರ ವಿಷಯ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯೊಡನೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟ ಮಾತ್ರಕ್ಕೆ ನಾಲಿಗೆಗೆ ರಿಯಾಯಿತಿ ದೊರೆಯುವುದಿಲ್ಲ.

ಆದರೆ ಎಲ್ಲ ಹೊಣೆಯನ್ನೂ ಶಾಲೆಯ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಉಪಾಧ್ಯಾಯರು ಹೇಳಿಕಳುಹಿಸಿ “ಹುಡುಗಿ ಮಂಕಾಗಿದ್ದಾಳೆ” ಎಂದಾಗ, “ಗಣಿತದಲ್ಲಿ ಎಷ್ಟು ಬಂದಿದೆ ಸಾರ್?” ಎಂಬುದು ನಮ್ಮ ಮೊದಲ ಪ್ರಶ್ನೆ. 2024ರಲ್ಲಿ ಕರ್ನಾಟಕದ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ದೊರೆಯಿತು. ತಪ್ಪಿದವರಿಗೆ ಮತ್ತೊಂದು ಅವಕಾಶವುಂಟೆಂಬ ಮಾತನ್ನು ಫಲಿತಾಂಶದ ಮರುದಿನವಲ್ಲ, ಅದಕ್ಕೆ ಒಂದು ವಾರ ಮುಂಚೆಯೇ ತರಗತಿಯಲ್ಲಿಯೂ ಊಟದ ಮನೆಯಲ್ಲಿಯೂ ಮಕ್ಕಳ ಕಿವಿಗೆ ಹಾಕಬೇಕು.