ಹಳೇ ಕಾರು ತರುವ ಮೊದಲು ಹೊಗೆ ಅಳೆಸಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಎಷ್ಟೋ ಮನೆಗಳಿಗೆ ಮೊದಲ ಕಾರು ಬರುವುದೇ ಸೆಕೆಂಡ್ ಹ್ಯಾಂಡ್ ಆಗಿ. ಕಬ್ಬಿನ ಬಿಲ್ಲು ಕೈಸೇರಿದಾಗ, ಮನೆಯಲ್ಲಿ ಮದುವೆ ಗೊತ್ತಾದಾಗ, ವಯಸ್ಸಾದವರನ್ನು ಮೈಸೂರಿನ ಆಸ್ಪತ್ರೆಗೆ ಪದೇ ಪದೇ ಕರೆದೊಯ್ಯಬೇಕಾದಾಗ ಇದ್ದಬದ್ದ ದುಡ್ಡು ಹೊಂದಿಸಿ ಹಳೇ ಕಾರು ತರುತ್ತಾರೆ. ಟೈರು ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ನೋಡುತ್ತಾರೆ, ಎ.ಸಿ. ಹಾಕಿ ನೋಡುತ್ತಾರೆ, ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯುತ್ತಾರೆ. ಹೊಗೆ ಅಳೆಸಿ ನೋಡುವವರು ಮಾತ್ರ ವಿರಳ. ‘ಎಮಿಷನ್ ತಾನೇ, ಆಮೇಲೆ ಮಾಡಿಸಿದರಾಯಿತು’ ಎಂಬ ಮಾತಿನಲ್ಲೇ ವ್ಯಾಪಾರ ಮುಗಿಯುತ್ತದೆ. ಆ ಮಾತು ದುಬಾರಿಯಾಗುವ ಕಾಲ ಹತ್ತಿರ ಬಂದಿದೆ. ಈಗಲೇ ಎಚ್ಚೆತ್ತರೆ ತಪ್ಪಿಸಿಕೊಳ್ಳಬಹುದು. ಎರಡು–ಮೂರು ವರ್ಷ ಬಿಟ್ಟರೆ ನಷ್ಟ ಹೊರುವವರು ಕಟ್ಟಕಡೆಗೆ ಕೊಂಡವರೇ.

ಇದಕ್ಕೆ ದೊಡ್ಡ ಭವಿಷ್ಯ ನುಡಿಯಬೇಕಾಗಿಲ್ಲ, ಕೂಡಿ ನೋಡಿದರೆ ಸಾಕು. ಖಾಸಗಿ ಕಾರಿನ ನೋಂದಣಿಯ ಆಯಸ್ಸು 15 ವರ್ಷ. ಅದು ಮುಗಿದ ಮೇಲೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಿ, ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. 2011ರ ಕಾರಿಗೆ ಆ ಸರದಿ 2026ರಲ್ಲಿ, 2014ರ ಕಾರಿಗೆ 2029ರಲ್ಲಿ, 2017ರದಕ್ಕೆ 2032ರಲ್ಲಿ. ನಮ್ಮ ಊರುಗಳಲ್ಲಿ ಇವತ್ತು ಕೈಗೆಟುಕುವ ಬೆಲೆಗೆ ಸಿಗುತ್ತಿರುವ ಕಾರುಗಳಲ್ಲಿ ಬಹಳಷ್ಟು ಈ ಸಾಲಿನವು. ಅವುಗಳಲ್ಲಿ ಹಳೆಯವಕ್ಕೆ ಕೊಂಡ ಒಂದೆರಡು ವರ್ಷಕ್ಕೇ ನವೀಕರಣ ಎದುರಾಗುತ್ತದೆ. ಶುಲ್ಕವೂ ಮೊದಲಿನಂತಿಲ್ಲ. 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿತು. ಇಷ್ಟು ಕಟ್ಟಲು ಸಿದ್ಧರಿದ್ದರೂ ಹೊಗೆ ತಪಾಸಣೆಯಲ್ಲಿ ಕಾರು ಪಾಸಾಗದಿದ್ದರೆ ಮುಂದಿನ ಹೆಜ್ಜೆಯಿಲ್ಲ.

ಈ ಸಾಲಿನಲ್ಲಿ ಡೀಸೆಲ್ ಕಾರುಗಳು ಅಷ್ಟೊಂದು ಇರುವುದಕ್ಕೂ ಕಾರಣವಿದೆ. 2010ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಸಡಿಲಿಸಿತು. ಡೀಸೆಲ್ ಬೆಲೆ 2014ರ ಅಕ್ಟೋಬರ್‌ವರೆಗೂ ಸರ್ಕಾರದ ಕೈಯಲ್ಲೇ ಇತ್ತು. ಆ ವರ್ಷಗಳಲ್ಲಿ ಎರಡರ ನಡುವಿನ ಅಂತರ ನೋಡಿ ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. ಆಗ ಹೊಸದಾಗಿ ಬಂದ ಗಾಡಿಗಳೇ ಈಗ ಎರಡು–ಮೂರು ಕೈ ಬದಲಾಗಿ, ಕಡಿಮೆ ಬೆಲೆಗೆ, ‘ಮೈಲೇಜ್ ಚೆನ್ನಾಗಿದೆ’ ಎಂಬ ಹೊಗಳಿಕೆಯೊಂದಿಗೆ ಮಾರಾಟಕ್ಕೆ ನಿಂತಿವೆ.

ದೆಹಲಿಯ ಬೆಳವಣಿಗೆಯನ್ನೂ ಗಮನಿಸಬೇಕು. 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳು ರಾಜಧಾನಿಯ ರಸ್ತೆಯಲ್ಲಿ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಕೋರ್ಟ್ ಆ ಮಾಲೀಕರಿಗೆ ಸ್ವಲ್ಪ ನೆಮ್ಮದಿ ಕೊಟ್ಟರೂ, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ‘ಭಾರತ್ ಸ್ಟೇಜ್’ ಹೊಗೆ ಮಾನದಂಡದ ನಾಲ್ಕನೇ ಹಂತ, ಅಂದರೆ ಬಿಎಸ್-4 ಮತ್ತು ಅದರ ನಂತರದ ಗಾಡಿಗಳಿಗಷ್ಟೇ ಸೀಮಿತಗೊಳಿಸಿತು. ಅದೇ ತಿಂಗಳು ದೆಹಲಿಯಲ್ಲಿ ಎಮಿಷನ್ ಪತ್ರ ಇಲ್ಲದವರಿಗೆ ಬಂಕ್‌ನಲ್ಲಿ ಇಂಧನ ಇಲ್ಲ ಎಂಬ ನಿಯಮ ಜಾರಿಗೆ ಬಂತು. ಅಲ್ಲಿ ಓಡಲಾಗದ ಗಾಡಿ ಗುಜರಿಗೇ ಹೋಗುತ್ತದೆ ಎಂದೇನಿಲ್ಲ. ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯ ಸೇರುತ್ತದೆ. ‘ಡೆಲ್ಲಿ ಗಾಡಿ, ಒಳ್ಳೇ ರೇಟು’ ಎಂದು ಯಾರಾದರೂ ಹೇಳಿದರೆ, ಆ ರೇಟು ಯಾಕೆ ಅಷ್ಟು ಇಳಿದಿದೆ ಎಂದು ಮೊದಲು ಕೇಳಿ. ನಮ್ಮ ರಾಜ್ಯದ ನಂಬರಿಗೆ ಬದಲಾಯಿಸುವ ಖರ್ಚು, ಇಲ್ಲಿನ ತೆರಿಗೆ, ಅದರ ಮೇಲೆ ಹೊಗೆ ತಪಾಸಣೆ, ಇಷ್ಟನ್ನೂ ಸೇರಿಸಿ ಬೆಲೆ ಹಾಕಿ.

ಕಾರಿನ ವಯಸ್ಸಿಗಿಂತ ಮುಖ್ಯವಾದದ್ದು ಆರ್‌ಸಿಯಲ್ಲಿ ನಮೂದಾಗಿರುವ ಬಿಎಸ್ ಹಂತ. ಬಿಎಸ್-4 ನಿಯಮ 2010ರಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಮಾತ್ರ ಬಂದಿತ್ತು. ಇಡೀ ದೇಶಕ್ಕೆ ಅನ್ವಯವಾದದ್ದು 2017ರ ಏಪ್ರಿಲ್ 1ರಿಂದ. ಹಾಗಾಗಿ ಒಂದೇ ಕಂಪನಿಯ, ಒಂದೇ ವರ್ಷದ ಎರಡು ಕಾರುಗಳಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದದ್ದು ಬಿಎಸ್-4, ಹೊರಗಿನದು ಬಿಎಸ್-3 ಆಗಿರಬಹುದು. ತಪಾಸಣೆಯ ಮಿತಿಯೂ ಬೇರೆ. ಬಿಎಸ್-3 ಪೆಟ್ರೋಲ್ ಕಾರು ನಿಂತಲ್ಲೇ ಸ್ಟಾರ್ಟ್‌ನಲ್ಲಿರುವಾಗ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.5, ಸುಡದೆ ಉಳಿದ ಹೈಡ್ರೋಕಾರ್ಬನ್ 750 ಪಿಪಿಎಂ ಮೀರುವಂತಿಲ್ಲ. ಬಿಎಸ್-4 ಆದರೆ ಶೇ 0.3 ಮತ್ತು 200 ಪಿಪಿಎಂ. ಡೀಸೆಲ್ ಗಾಡಿಯಲ್ಲಿ ಹೊಗೆಯ ದಟ್ಟಣೆ ಅಳೆಯುತ್ತಾರೆ. ಹಳೆಯವಕ್ಕೆ 65, ಬಿಎಸ್-4ಕ್ಕೆ 50 ಹಾರ್ಟ್ರಿಡ್ಜ್ ಯೂನಿಟ್ ಮಿತಿ. ಎಮಿಷನ್ ಪತ್ರ ಬಿಎಸ್-3 ಮತ್ತು ಅದಕ್ಕಿಂತ ಹಳೆಯ ಗಾಡಿಗೆ ಆರು ತಿಂಗಳು, ಬಿಎಸ್-4 ಮತ್ತು ಬಿಎಸ್-6ಕ್ಕೆ ಒಂದು ವರ್ಷ ನಡೆಯುತ್ತದೆ. ‘ಹೋದ ವರ್ಷ ಮಾಡಿಸಿದ್ದು ಇದೆ’ ಎಂದು ಮಾರುವವರು ಕೊಡುವ ಚೀಟಿಯನ್ನು ಈ ಲೆಕ್ಕದಲ್ಲಿ ನೋಡಿ.

ಇನ್ಷೂರೆನ್ಸ್ ಚಾಲ್ತಿಯಲ್ಲಿದೆ ಎಂಬ ಕಾರಣಕ್ಕೆ ಹೊಗೆಯೂ ಸರಿಯಿದೆ ಎಂದು ನಂಬುವಂತಿಲ್ಲ. ವಿಮೆ ನವೀಕರಣಕ್ಕೆ ಎಮಿಷನ್ ಪತ್ರ ಇರಲೇಬೇಕು ಎಂದು 2017ರಲ್ಲಿ ಹಾಕಿದ್ದ ಷರತ್ತನ್ನು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹಿಂತೆಗೆದುಕೊಂಡಿದೆ. ವಿಮೆಯಿಲ್ಲದೆ ಓಡುವ ಗಾಡಿಗಳು ಹೆಚ್ಚಿ, ಅಪಘಾತದಲ್ಲಿ ನೊಂದವರಿಗೆ ಪರಿಹಾರ ತಪ್ಪಬಾರದು ಎಂಬುದು ಆ ತೀರ್ಮಾನದ ಹಿಂದಿನ ಕಾಳಜಿ. ಎಮಿಷನ್ ಪತ್ರದ ಹೊಣೆಯೇನೂ ಅದರಿಂದ ತಪ್ಪಲಿಲ್ಲ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಇದೆ. ಸರಿಯಾದ ಪತ್ರ ತೋರಿಸುವವರೆಗೆ ಆರ್‌ಸಿಯನ್ನೇ ಅಮಾನತಿನಲ್ಲಿಡುವ ಅಧಿಕಾರ ನೋಂದಣಿ ಪ್ರಾಧಿಕಾರಕ್ಕಿದೆ.

ಮಾರುವವರಿಗೂ ಇಲ್ಲಿ ಎಚ್ಚರಿಕೆಯಿದೆ. ಹೆಸರು ವರ್ಗಾವಣೆಗೆ ಫಾರಂ 29, ಫಾರಂ 30ರ ಜೊತೆ ಎಮಿಷನ್ ಪತ್ರವನ್ನೂ ಕೇಳುತ್ತಾರೆ. ಕಾರು ತಪಾಸಣೆಯಲ್ಲಿ ಫೇಲ್ ಆದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ಗಾಡಿ ಮಾತ್ರ ಕೊಂಡವರ ಮನೆ ಮುಂದೆ ಇರುತ್ತದೆ, ಆರ್‌ಸಿಯಲ್ಲಿ ಹಳೇ ಹೆಸರೇ ಉಳಿದಿರುತ್ತದೆ. ಆ ಸ್ಥಿತಿಯಲ್ಲಿ ಅಪಘಾತವಾದರೆ, ಮಾರಿದ್ದೇನೆಂದರೂ ದಾಖಲೆಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಬರೀ ಕರಾರು ಪತ್ರ ಬರೆದುಕೊಂಡು ಕೀ ಕೊಟ್ಟು ಕಳಿಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಇಬ್ಬರ ನಂಬಿಕೆ ಎಷ್ಟೇ ಗಟ್ಟಿಯಿದ್ದರೂ ನ್ಯಾಯಾಲಯದ ಮುಂದೆ ನಿಲ್ಲುವುದು ಆರ್‌ಸಿಯೇ.

ಕಾರು ಫೇಲ್ ಆದ ಕೂಡಲೇ ‘ಹೇಗೋ ಮಾಡಿಸಿಕೊಡ್ತೀವಿ’ ಎನ್ನುವವರು ಸಿಗುತ್ತಾರೆ. ಆ ದಾರಿ ಹಿಡಿಯಬೇಡಿ. ಫೇಲ್ ಆದದ್ದು ಕಾರಿನ ಕಾಯಿಲೆ ಹೊರಬಿದ್ದ ಗಳಿಗೆ. ಚೀಟಿ ಕೊಂಡರೆ ಕಾಯಿಲೆ ವಾಸಿಯಾಗುವುದಿಲ್ಲ. ದೇಶಕ್ಕೆಲ್ಲ ಒಂದೇ ನಮೂನೆಯ ಎಮಿಷನ್ ಪತ್ರವನ್ನು 2021ರ ಜೂನ್‌ನಲ್ಲಿ ತಂದಾಗ, ಫೇಲ್ ಆದ ಗಾಡಿಗೆ ತಿರಸ್ಕಾರ ಚೀಟಿ ಕೊಡುವ ಪದ್ಧತಿಯನ್ನೂ ತರಲಾಯಿತು. ಅದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಗ್ಯಾರೇಜಿನಲ್ಲಿ ಅದನ್ನು ತೋರಿಸಿದರೆ ರಿಪೇರಿಗೆ ದಾರಿ ಸಿಗುತ್ತದೆ. ಯಂತ್ರದ ಮೇಲೇ ಅನುಮಾನವಿದ್ದರೆ ಬೇರೆ ಕೇಂದ್ರದಲ್ಲಿ ಮತ್ತೆ ಅಳೆಸಬಹುದು.

ಆ ಚೀಟಿಯ ಅಂಕಿಗಳೇ ಅರ್ಧ ರೋಗ ಹೇಳುತ್ತವೆ. ಪೆಟ್ರೋಲ್ ಕಾರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ ಹೋಗುತ್ತಿದೆ. ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್, ಸೋರುವ ಇಂಜೆಕ್ಟರ್ ನೋಡಿಸಿ. ಹೈಡ್ರೋಕಾರ್ಬನ್ ಜಾಸ್ತಿಯಿದ್ದರೆ ಮಿಸ್‌ಫೈರ್ ಇರಬಹುದು. ಪ್ಲಗ್, ಕಾಯಿಲ್, ಎಂಜಿನ್ ಕಂಪ್ರೆಷನ್ ಪರೀಕ್ಷಿಸಬೇಕು. ಎರಡೂ ಜಾಸ್ತಿಯಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ನಿಲ್ಲಿಸಿರಬಹುದು, ಅಥವಾ ಅದು ಜಾಗದಲ್ಲೇ ಇಲ್ಲದಿರಬಹುದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಬೆಲೆಬಾಳುವ ಲೋಹಗಳಿರುವುದರಿಂದ ಅದನ್ನು ಕತ್ತರಿಸಿ ಮಾರಿ ಖಾಲಿ ಪೈಪ್ ಬೆಸುಗೆ ಹಾಕುವವರಿದ್ದಾರೆ. ಕೊಳ್ಳುವ ಮೊದಲು ಕಾರನ್ನು ಲಿಫ್ಟ್ ಮೇಲೇರಿಸಿ ಅಡಿಭಾಗ ನೋಡಿಸಿ. ಡೀಸೆಲ್ ಗಾಡಿಯ ಕಪ್ಪು ಹೊಗೆಗೆ ನಾಜಲ್, ಏರ್ ಫಿಲ್ಟರ್, ಸೀಳಿದ ಟರ್ಬೊ ಹೋಸ್ ಕಾರಣವಾಗಿರಬಹುದು. ಇವು ತಾಳಿಕೊಳ್ಳಬಹುದಾದ ಖರ್ಚು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ತಿನ್ನುತ್ತಿದೆ, ರಿಂಗ್ ಸವೆದಿರಬಹುದು. ಕಾದ ಎಂಜಿನ್ನಿನಿಂದಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಎಂಜಿನ್ ಇಳಿಸುವ ಮಾತು ಬಂದರೆ ಕಾರಿನ ಬೆಲೆಯನ್ನೂ ರಿಪೇರಿಯ ಅಂದಾಜನ್ನೂ ಪಕ್ಕಪಕ್ಕ ಬರೆದು ನೋಡಿ. ಅಂಥ ಕಾರನ್ನು ಬಿಟ್ಟುಬಿಡುವುದೇ ಲಾಭ. ಆಗಲೇ ಕೊಂಡಾಗಿದ್ದರೆ, ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ ಪಡೆಯುವ ದಾರಿಯೂ ಇದೆ.

ತಪಾಸಣೆಗೆ ಹೋಗುವಾಗ ಎಂಜಿನ್ ಚೆನ್ನಾಗಿ ಕಾದಿರಲಿ. ತಣ್ಣಗಿರುವ ಕನ್ವರ್ಟರ್ ಕೆಲಸ ಮಾಡದು. ಒಳ್ಳೇ ಕಾರೂ ಫೇಲ್ ಆದೀತು. ಹದಿನೈದು–ಇಪ್ಪತ್ತು ನಿಮಿಷ ಓಡಿಸಿಯೇ ಕೇಂದ್ರಕ್ಕೆ ಹೋಗಿ. ಮಾರುವವರ ಸಮ್ಮುಖದಲ್ಲೇ ಅಳೆಸಿ, ಮುಂಗಡ ಕೊಡುವ ಮೊದಲೇ ಅಳೆಸಿ. ಕೆಲವು ನೂರು ರೂಪಾಯಿ ಮೀರದ ಈ ಖರ್ಚು ಲಕ್ಷದ ವ್ಯಾಪಾರವನ್ನು ಕಾಯುತ್ತದೆ.

ಕೆಡುವುದು ಬರೀ ದುಡ್ಡಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ವರ್ಗೀಕರಿಸಿದೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಕಿರಿದಾದ ಬೀದಿಗಳಲ್ಲಿ, ವೈರಮುಡಿಯ ದಿನ ಮೇಲುಕೋಟೆಯ ಬೆಟ್ಟದ ದಾರಿಯಲ್ಲಿ, ಕೆ.ಆರ್. ಪೇಟೆ, ನಾಗಮಂಗಲದ ಬಸ್ ನಿಲ್ದಾಣಗಳ ಸುತ್ತ ಗಾಡಿಗಳ ಸಾಲು ನಿಂತಾಗ ಆ ಹೊಗೆ ಸೇರುವುದು ಪಕ್ಕದಲ್ಲಿ ನಿಂತ ಶಾಲಾ ಮಕ್ಕಳ, ಬೀದಿ ವ್ಯಾಪಾರಿಗಳ ಎದೆಗೆ. ನಗರಗಳು ಬೇಡವೆಂದು ಬಿಟ್ಟ ಹೊಗೆಯನ್ನು ನಮ್ಮ ಊರುಗಳು ದುಡ್ಡು ಕೊಟ್ಟು ತರಬಾರದು.

ಸರ್ಕಾರ ಮಾಡಬೇಕಾದದ್ದೂ ಇದೆ. ಮಂಡ್ಯ ಮತ್ತು ನಾಗಮಂಗಲದ ಆರ್‌ಟಿಒ ಕಚೇರಿಗಳ ಬಳಿ ಯಾವ ಕಾರಿನ ಆರ್‌ಸಿ ಯಾವಾಗ ಮುಗಿಯುತ್ತದೆ ಎಂಬ ಮಾಹಿತಿ ಇದ್ದೇ ಇದೆ. ಮುಗಿಯುವ ಒಂದು ವರ್ಷ ಮೊದಲೇ ಮಾಲೀಕರ ಮೊಬೈಲಿಗೆ ಸಂದೇಶ ಹೋಗಲಿ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ, ಸಂತೆಯ ದಿನ ನೋಡಿಕೊಂಡು, ದಂಡವಿಲ್ಲದ ಹೊಗೆ ತಪಾಸಣಾ ಶಿಬಿರ ನಡೆಯಲಿ. ಬಂದವರಿಗೆ ಅಂಕಿ ಓದಿ ಹೇಳುವವರೊಬ್ಬರು ಇರಲಿ. ಎಮಿಷನ್ ಕೇಂದ್ರಗಳ ಯಂತ್ರಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಮುನ್ಸೂಚನೆಯಿಲ್ಲದೆ ಪರಿಶೀಲಿಸಲಿ. ಐಟಿಐ, ಪಾಲಿಟೆಕ್ನಿಕ್‌ಗಳ ಮೂಲಕ ಸ್ಥಳೀಯ ಮೆಕ್ಯಾನಿಕ್‌ಗಳಿಗೆ ಸೆನ್ಸರ್, ಸ್ಕ್ಯಾನರ್ ಕೆಲಸದ ತರಬೇತಿ ಸಿಗಲಿ. ಹಳೇ ಕಾರು ಮಾರುವ ಡೀಲರ್‌ಗಳು ಆರ್‌ಟಿಒ ಪರವಾನಗಿ ಪಡೆದಿರಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿದೆ. ಆ ಪರವಾನಗಿ ಅಂಗಡಿಯ ಗೋಡೆಯ ಮೇಲೆ ಕಾಣಲಿ, ಪ್ರತಿ ಕಾರಿನ ಗಾಜಿನ ಮೇಲೆ ಇತ್ತೀಚಿನ ಎಮಿಷನ್ ಅಂಕಿಗಳೂ ಕಾಣಲಿ.

ಸಾಲ ಮಾಡಿ ಕಾರು ಕೊಂಡ ಕುಟುಂಬ ಆರ್‌ಟಿಒ ಕಚೇರಿಯಿಂದ ಬರಿಗೈಲಿ ಮರಳಿದ ಮೇಲೆ ಸಭೆ ಕರೆದು ಫಲವಿಲ್ಲ. ಶಾಸಕರು, ಸಾರಿಗೆ ಅಧಿಕಾರಿಗಳು, ಡೀಲರ್‌ಗಳು ಈ ವರ್ಷವೇ ಒಟ್ಟಿಗೆ ಕೂತು ಶಿಬಿರಗಳ ದಿನಾಂಕ ಗೊತ್ತುಮಾಡಲಿ. ಕೊಳ್ಳುವವರು ಅದಕ್ಕೂ ಕಾಯಬೇಕಾಗಿಲ್ಲ: ಹೊಗೆ ಅಳೆಸಲು ಒಪ್ಪದವರ ಕಾರಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.